ಬೆಳೆಯುವ ಹುಡುಗಿಗೆ ಒಪ್ಪುವ ಉಡುಪು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕಟ್ಟಿದ ಹಿರಿಯರ ಮನೆಯಲ್ಲಿ 12 ವರ್ಷದ ಮಗಳೊಬ್ಬಳು ಇದ್ದಿರಲಾರಳು. ಇದ್ದಿದ್ದರೆ, ಆ ‘ಪರರು’ ಯಾರು ಎಂಬ ಪ್ರಶ್ನೆ ಅಲ್ಲಿ ಏಳದೆ ಇರುತ್ತಿರಲಿಲ್ಲ. ತಾಯಿಗೆ ಪರರೆಂದರೆ ಮದುವೆಮನೆಯಲ್ಲಿ ಸಾಲಾಗಿ ಕುಳಿತ ಬಂಧುಗಳು. ತಂದೆಗೆ ರಸ್ತೆಯ ತಿರುವಿನಲ್ಲಿ ನಿಂತಿರುವ ಅಪರಿಚಿತರು. ಅಜ್ಜಿಗೆ ಎಂದೋ ಗತಿಸಿದ ಅತ್ತೆಯವರು. ಮಗಳಿಗಾದರೋ ಪಕ್ಕದ ಬೆಂಚಿನ ಗೆಳತಿಯರು. ಇಷ್ಟು ಜನರ ಇಚ್ಛೆಯನ್ನು ಒಂದೇ ಅಂಗಿಯಲ್ಲಿ ಹೊಲಿದು ಕೊಡಬಲ್ಲ ದರ್ಜಿ ಇನ್ನೂ ಹುಟ್ಟಿಲ್ಲ.

ಗೌರಿ ಹಬ್ಬ, ದೀಪಾವಳಿ ಅಥವಾ ನೆಂಟರ ಮನೆಯ ಮದುವೆ ಸಮೀಪಿಸಿತೆಂದರೆ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ಈ ಚರ್ಚೆ ತಲೆಯೆತ್ತುತ್ತದೆ. 6 ವರ್ಷದ ಮಗುವಿಗೆ ಬಟ್ಟೆ ಕೊಳ್ಳುವುದು ಸುಲಭ. ಏನು ತೊಡಿಸಿದರೂ ಚೆನ್ನ. 20 ವರ್ಷದ ಮಗಳು ತನ್ನ ಬಟ್ಟೆಯನ್ನು ತಾನೇ ಆರಿಸಿಕೊಳ್ಳುತ್ತಾಳೆ. ಕಷ್ಟವಿರುವುದು ಇವೆರಡರ ನಡುವಿನ ಹುಡುಗಿಯದು. ಹತ್ತರಿಂದ ಹದಿನೈದರವರೆಗಿನ ಈ ಬಾಲೆ ಮಗುವೂ ಅಲ್ಲ, ತರುಣಿಯೂ ಅಲ್ಲ. ಅವಳಿಗೆ ಸಭ್ಯವೂ ಆಗಿರಬೇಕು, ಕಾಲಕ್ಕೆ ಒಪ್ಪುವ ಸೊಗಸೂ ಇರಬೇಕು, ತಂದೆಯ ಸಂಬಳಕ್ಕೆ ಎಟುಕಲೂಬೇಕು ಎಂಬ ಮೂರು ನಿಯಮಗಳನ್ನು ಕಟ್ಟಿಕೊಂಡು ಪೇಟೆಗೆ ಹೊರಟ ತಾಯಂದಿರು ಬರಿಗೈಯಲ್ಲಿ ಮರಳುವುದು ಅಪರೂಪವಲ್ಲ.

ಇದು ಹೆಂಗಸರ ಪುಟಕ್ಕೆ ಸೇರಿದ ಹಗುರವಾದ ವಿಷಯ, ಕನ್ನಡ ಪಾಠ ಹೇಳುವ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ತರಗತಿಯಲ್ಲಿ ನಿಂತು ನೋಡುವವರಿಗೆ ಇದರ ಭಾರ ತಿಳಿಯುತ್ತದೆ. ಉತ್ತರ ಗೊತ್ತಿದ್ದೂ ಕೈಯೆತ್ತಲು ಹಿಂಜರಿಯುವ ಹುಡುಗಿಯರಿದ್ದಾರೆ; ಕೈಯೆತ್ತಿದರೆ ಅಂಗಿ ಮೇಲಕ್ಕೆ ಸರಿಯುತ್ತದೆಂಬ ಅಳುಕು ಅವರದು. ಪುಸ್ತಕಗಳನ್ನು ಎದೆಗವಚಿಕೊಂಡು, ಭುಜ ಬಾಗಿಸಿ ನಡೆಯುವುದನ್ನೇ ನಡಿಗೆಯೆಂದು ಕಲಿತವರಿದ್ದಾರೆ. ಖೋಖೋ ಆಟದಲ್ಲಿ ಮಿಂಚಿನಂತೆ ಓಡುತ್ತಿದ್ದವಳು ಎಂಟನೆಯ ತರಗತಿಗೆ ಬಂದೊಡನೆ ಮೈದಾನದ ಅಂಚಿನಲ್ಲಿ ಕುಳಿತು ಗೆಳತಿಯರ ಬ್ಯಾಗುಗಳನ್ನು ಕಾಯುವುದನ್ನು ಯಾವ ಶಾಲೆಯಲ್ಲಾದರೂ ಕಾಣಬಹುದು. ಉಡುಪಿನ ಪ್ರಶ್ನೆ ಇಲ್ಲಿ ಅಂದಚಂದದ ಮೇರೆಯನ್ನು ದಾಟಿ, ಹುಡುಗಿಯ ಓದು, ಆಟ, ಧೈರ್ಯಗಳ ಪ್ರಶ್ನೆಯಾಗುತ್ತದೆ.

ಉಡುವುದು, ತೊಡುವುದು

ಉಡುಗೆಯ ವಿಷಯದಲ್ಲಿ ನಮ್ಮ ಭಾಷೆ ಬಹು ಸೂಕ್ಷ್ಮವಾದುದು. ಸೀರೆ, ಪಂಚೆಗಳನ್ನು ನಾವು ಉಡುತ್ತೇವೆ, ಅಂಗಿ, ಕುಪ್ಪಸ, ಬಳೆಗಳನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ಹೂವನ್ನು ಮುಡಿಯುತ್ತೇವೆ, ಕುಂಕುಮವನ್ನು ಇಡುತ್ತೇವೆ. ಈಗ ಇವೆಲ್ಲಕ್ಕೂ ‘ಹಾಕಿಕೊಳ್ಳುವುದು’ ಎಂಬ ಒಂದೇ ಮಾತು ಸಾಕಾಗಿಬಿಟ್ಟಿದೆ. ಆದರೆ ಹಳೆಯ ಭೇದದಲ್ಲಿ ಒಂದು ತಿಳಿವಳಿಕೆಯಿದೆ. ಉಟ್ಟ ಬಟ್ಟೆ ಮೈಗೆ ಹೊಂದಿಕೊಳ್ಳುತ್ತದೆ. ಒಂದೇ ಸೀರೆಯನ್ನು ತಾಯಿಯೂ ಉಡಬಹುದು, ಮಗಳೂ ಉಡಬಹುದು. ನೆರಿಗೆ ಹೆಚ್ಚುಕಡಿಮೆಯಾದೀತು, ಅಷ್ಟೆ. ತೊಟ್ಟ ಬಟ್ಟೆಗಾದರೋ ಅಳತೆಯೇ ಪ್ರಾಣ. ಮೈ ಬೆಳೆದರೆ ಹೊಲಿಗೆ ಬಿಗಿಯುತ್ತದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಹೊಲಿದ ಬಟ್ಟೆ ತಂದೊಡ್ಡುವ ತೊಡಕೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ನಮ್ಮ ಅಜ್ಜಿಯರು ಈ ತೊಡಕನ್ನು ತಮ್ಮದೇ ಆದ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಹಳೆಯ ಮೈಸೂರಿನ ಕಡೆ ಹುಡುಗಿಗೆ ಮೊದಲು ಲಂಗ ಮತ್ತು ರವಿಕೆ, ಸ್ವಲ್ಪ ಬೆಳೆದ ಮೇಲೆ ಅದರ ಮೇಲೊಂದು ದಾವಣಿ, ಆಮೇಲೆ ಸೀರೆ. ಉತ್ತರ ಕರ್ನಾಟಕದಲ್ಲಿ ಲಂಗಕ್ಕೆ ಪರಕಾರ, ರವಿಕೆಗೆ ಪೋಲಕ ಎಂದು ಹೆಸರು. ಲಂಗವನ್ನು ಹೊಲಿಸುವಾಗ ಅಂಚಿನ ಮೇಲೆ ಎರಡು ಮೂರು ಮಡಿಕೆಗಳನ್ನು ಹಿಡಿಸಿ, ಹುಡುಗಿ ಎತ್ತರವಾದಂತೆ ಒಂದೊಂದನ್ನೇ ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಹೊಸದಾಗಿಯೇ ಉಳಿದು, ಹುಡುಗಿ ಎಷ್ಟು ವರ್ಷಗಳಿಂದ ಅದೇ ಲಂಗವನ್ನು ತೊಡುತ್ತಿದ್ದಾಳೆಂಬುದನ್ನು ಮರದ ಕಾಂಡದೊಳಗಿನ ಬಳೆಗಳಂತೆ ಎಣಿಸಿ ಹೇಳಬಹುದಾಗಿತ್ತು. ಬಡತನದಿಂದ ಬಂದ ಉಪಾಯವಾದರೂ ಅದರಲ್ಲಿ ಬುದ್ಧಿಯಿತ್ತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಮಗುವಿಗೂ ಹೆಂಗಸಿಗೂ ನಡುವಿನ ವಯಸ್ಸಿಗೆ ಅದರದೇ ಆದ ಒಂದು ಉಡುಪಿತ್ತು. ದಾವಣಿ ತೊಟ್ಟವಳನ್ನು ಯಾರೂ ಮಗುವೆಂದು ಎತ್ತಿ ಆಡಿಸುತ್ತಿರಲಿಲ್ಲ, ಸೀರೆಯುಟ್ಟವಳೆಂದು ಭಾವಿಸಿ ಸಂಸಾರದ ಮಾತನ್ನೂ ಆಡುತ್ತಿರಲಿಲ್ಲ.

ಹಾಗೆಂದು ಆ ಕಾಲವನ್ನು ಬರಿದೆ ಹೊಗಳುವುದು ಸಲ್ಲದು. ದಾವಣಿ ಬಂದಿತೆಂದರೆ ಅನೇಕ ಮನೆಗಳಲ್ಲಿ ಶಾಲೆ ಮುಗಿಯಿತೆಂದೇ ಅರ್ಥ. 1929ರ ಶಾರದಾ ಕಾಯ್ದೆ ಹುಡುಗಿಯ ವಿವಾಹ ವಯಸ್ಸನ್ನು 14ಕ್ಕೆ ನಿಲ್ಲಿಸಿತ್ತು; ಅದು 18ಕ್ಕೆ ಏರಿದ್ದು 1978ರ ತಿದ್ದುಪಡಿಯಿಂದ. ಆದುದರಿಂದ ಆಗಿನ ಹುಡುಗಿಗೆ ‘ನಡುವಿನ ವಯಸ್ಸು’ ಎಂಬುದು ಬಹಳ ಕಿರಿದಾಗಿತ್ತು. ಇಂದಿನವಳಿಗೆ ಅದು ದೀರ್ಘವಾಗಿದೆ, ಕೆಲಸಗಳಿಂದ ತುಂಬಿದೆ. ಅವಳು ಸೈಕಲ್ ತುಳಿಯಬೇಕು, ಬಸ್ಸು ಹತ್ತಬೇಕು, ಪ್ರಯೋಗಶಾಲೆಯಲ್ಲಿ ದೀಪದ ಮುಂದೆ ನಿಲ್ಲಬೇಕು, ಸಂಜೆ ಟ್ಯೂಷನ್ನಿಗೆ ಓಡಬೇಕು. ಕರ್ನಾಟಕ ಸರಕಾರವು 2006-07ರಲ್ಲಿ ಶಾಲಾಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿದಾಗ ಹಳ್ಳಿಯ ರಸ್ತೆಗಳಲ್ಲಿ ಸಾಲು ಸಾಲಾಗಿ ಹೊರಟ ಹುಡುಗಿಯರ ಉಡುಪು ಸಲ್ವಾರ್ ಕಮೀಜ್ ಆಗಿತ್ತೆಂಬುದನ್ನು ಗಮನಿಸಬೇಕು. ಲಂಗದಲ್ಲಿ ಸೈಕಲ್ ಸವಾರಿ ಸಲೀಸಲ್ಲ. ಪಂಜಾಬಿನ ಕಡೆಯ ಆ ಉಡುಪು ಕೆಲವೇ ದಶಕಗಳಲ್ಲಿ ದಾವಣಿಯ ಸ್ಥಾನವನ್ನು ಆಕ್ರಮಿಸಿದ್ದರ ಗುಟ್ಟು ಇದು. ದಾವಣಿಯಾದರೋ ಈಗ ‘ಹಾಫ್ ಸೀರೆ’ಯೆಂಬ ಹೊಸ ಹೆಸರಿನಿಂದ, ಜರಿಯ ಭಾರ ಹೊತ್ತು, ಸಮಾರಂಭದ ಫೋಟೋಗಳಿಗೆ ಮಾತ್ರ ಮೀಸಲಾಗಿದೆ.

ಮರ್ಯಾದೆಯ ಅಳತೆಗೋಲು

‘ನಮ್ಮ ಸಂಪ್ರದಾಯದ ಉಡುಪು’ ಎಂದು ನಾವು ನಂಬಿರುವುದರಲ್ಲಿ ಬಹುಭಾಗ ಅಷ್ಟೇನೂ ಪುರಾತನವಲ್ಲ. ಸತ್ಯೇಂದ್ರನಾಥ ಟಾಗೋರರು 1863ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದವರು. ಅವರ ಪತ್ನಿ ಜ್ಞಾನದಾನಂದಿನೀ ದೇವಿಯವರು 1860ರ ದಶಕದಲ್ಲಿ ಪತಿಯೊಡನೆ ಮುಂಬಯಿಗೆ ಹೊರಟಾಗ, ಬಂಗಾಳದ ಕುಲೀನ ಸ್ತ್ರೀ ಮನೆಯ ಹೊರಗೆ ತೊಡಬಹುದಾದ ಉಡುಪೇ ಇರಲಿಲ್ಲ. ಅಂತಃಪುರದಲ್ಲಿ ಒಂದೇ ಸೀರೆ ಸಾಕಾಗುತ್ತಿತ್ತು. ಮುಂಬಯಿಯ ಪಾರ್ಸಿ ಹೆಂಗಸರ ರೀತಿಯನ್ನು ನೋಡಿ, ಅದನ್ನು ತಿದ್ದಿಕೊಂಡು, ಕುಪ್ಪಸ ಮತ್ತು ಒಳಲಂಗಗಳೊಡನೆ ಸೀರೆಯುಡುವ ಕ್ರಮವನ್ನು ಅವರು ಬಂಗಾಳದಲ್ಲಿ ಬಳಕೆಗೆ ತಂದರು. ಇಂದು ನಮ್ಮ ಅಜ್ಜಿಯರು ‘ಲಕ್ಷಣವಾದ ಉಡುಪು’ ಎನ್ನುವ ಕ್ರಮ ಆಗಿನ ಅಜ್ಜಿಯರಿಗೆ ಹೊಸ ಫ್ಯಾಷನ್ನಾಗಿತ್ತು.

ತಿರುವಾಂಕೂರಿನ ಕಥೆ ಇದಕ್ಕಿಂತ ಕಟುವಾದದ್ದು. ಅಲ್ಲಿ ನಾಡಾರ್ ಜಾತಿಯ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯುವುದೇ ಅಪರಾಧವೆನಿಸಿತ್ತು. ಮೈ ಮುಚ್ಚಿಕೊಳ್ಳುವ ಹಕ್ಕಿಗಾಗಿ ಅವರು ದಶಕಗಳ ಕಾಲ ಏಟು ತಿಂದು, ಅವಮಾನ ಸಹಿಸಿ ಹೋರಾಡಬೇಕಾಯಿತು. 1859ರಲ್ಲಿ ಮಹಾರಾಜರ ಆಜ್ಞೆ ಹೊರಟು ಆ ಹಕ್ಕು ದೊರೆಯಿತು. ಅದೂ ಮೇಲುಜಾತಿಯ ಹೆಂಗಸರಂತೆ ಉಡಬಾರದೆಂಬ ನಿರ್ಬಂಧದೊಡನೆ. ಮರ್ಯಾದೆ ಯಾರದು, ಅದನ್ನು ಅಳೆಯುವವರು ಯಾರು ಎಂಬ ಪ್ರಶ್ನೆಗೆ ಎಷ್ಟು ಆಳವಾದ ಬೇರುಗಳಿವೆಯೆಂಬುದು ಇದರಿಂದ ತಿಳಿಯುತ್ತದೆ.

ಪಶ್ಚಿಮ ದೇಶಗಳಲ್ಲಿ ಈ ಪ್ರಶ್ನೆ ಇತ್ಯರ್ಥವಾಗಿದೆ, ಅಲ್ಲಿಯವರು ಬೇಕಾದಷ್ಟು ಬಿಚ್ಚಿಕೊಂಡು ಸುಖವಾಗಿದ್ದಾರೆ ಎಂದು ನಮ್ಮಲ್ಲಿ ಕೆಲವರು ಕರುಬುತ್ತಾರೆ, ಕೆಲವರು ಜರೆಯುತ್ತಾರೆ. ವಸ್ತುಸ್ಥಿತಿ ಬೇರೆ. 2021ರ ಜುಲೈ ತಿಂಗಳಲ್ಲಿ ನಾರ್ವೆ ದೇಶದ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡದವರು ನಿಯಮದ ಬಿಕಿನಿಯನ್ನು ನಿರಾಕರಿಸಿ ಚಡ್ಡಿ ತೊಟ್ಟು ಆಡಿದರು. ಮೈಯನ್ನು ಸ್ವಲ್ಪ ಹೆಚ್ಚಾಗಿ ಮುಚ್ಚಿದ ತಪ್ಪಿಗೆ ಅವರಿಗೆ 1,500 ಯೂರೋ ದಂಡ ಬಿದ್ದಿತು! ಲೋಕವೆಲ್ಲ ನಕ್ಕ ಮೇಲೆ ಅದೇ ವರ್ಷ ನಿಯಮ ಬದಲಾಯಿತು. ಅದೇ ಬೇಸಗೆಯ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟ್ ಹೆಣ್ಣುಮಕ್ಕಳು ಕಣಕಾಲಿನವರೆಗೆ ಮುಚ್ಚುವ ಉಡುಪನ್ನು ತಾವಾಗಿ ಆರಿಸಿಕೊಂಡರು. ಅದಕ್ಕೆ ಹತ್ತು ವರ್ಷ ಮೊದಲು, 2011ರಲ್ಲಿ, ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟವು ಆಟಗಾರ್ತಿಯರು ಸ್ಕರ್ಟ್ ತೊಡಲೇಬೇಕೆಂದು ವಿಧಿಸಹೊರಟಿತ್ತು. ಪ್ರತಿಭಟನೆಗಳ ಪರಿಣಾಮವಾಗಿ 2012ರಲ್ಲಿ ಆ ಯೋಚನೆಯನ್ನು ಕೈಬಿಡಬೇಕಾಯಿತು. ಕಡಿಮೆ ತೊಡು ಎಂಬ ಆಜ್ಞೆಯೂ ಹೆಚ್ಚು ತೊಡು ಎಂಬ ಆಜ್ಞೆಯಂತೆಯೇ ಹೆಣ್ಣುಮಕ್ಕಳನ್ನು ಹಿಂಸಿಸಬಲ್ಲದು.

ಆದುದರಿಂದ ಸಭ್ಯತೆಗೆ ಒಂದು ಸರಳವಾದ ಲಕ್ಷಣವನ್ನು ಹೇಳಿಕೊಳ್ಳಬಹುದೆಂದು ನನಗೆ ತೋರುತ್ತದೆ. ತೊಟ್ಟ ಹತ್ತು ನಿಮಿಷಗಳಲ್ಲಿ ಹುಡುಗಿ ಯಾವ ಉಡುಪನ್ನು ಮರೆತು ತನ್ನ ಕೆಲಸದಲ್ಲಿ ತೊಡಗಬಲ್ಲಳೋ ಅದು ಸಭ್ಯವಾದ ಉಡುಪು. ಮತ್ತೆ ಮತ್ತೆ ಎಳೆದುಕೊಳ್ಳಬೇಕಾದ, ಸರಿಪಡಿಸಿಕೊಳ್ಳಬೇಕಾದ, ಕುಳಿತಲ್ಲಿಂದ ಏಳಲು ಯೋಚಿಸುವಂತೆ ಮಾಡುವ ಬಟ್ಟೆ ಪಾದದವರೆಗಿದ್ದರೂ ಅವಳ ನೆಮ್ಮದಿಯನ್ನು ಕಾಯಲಾರದು.

ಈ ಮಾತಿಗೆ ನಮ್ಮ ಶಾಲೆಗಳಿಂದಲೇ ಒಂದು ಉದಾಹರಣೆ ಕೊಡಬಹುದು. ಅನೇಕ ಶಾಲೆಗಳಲ್ಲಿ ಶನಿವಾರದಂದು ವ್ಯಾಯಾಮಕ್ಕೆ ಬಿಳಿಯ ಸಮವಸ್ತ್ರ. ನೋಡುವವರಿಗೆ ಬಲು ಚೆನ್ನ. ಆದರೆ ಮುಟ್ಟು ಆರಂಭವಾದ 12-13 ವರ್ಷದ ಹುಡುಗಿಗೆ ಆ ಬಿಳಿಯ ಬಣ್ಣ ತರುವ ಆತಂಕವನ್ನು ಯಾವ ತಾಯಿಗೂ ವಿವರಿಸಬೇಕಾಗಿಲ್ಲ. ತಿಂಗಳಿಗೊಂದು ಶನಿವಾರ ‘ಹೊಟ್ಟೆನೋವು’ ಬರುವುದರಲ್ಲಿ ಈ ಬಣ್ಣದ ಪಾಲೂ ಇದೆ. ಶತಮಾನಕ್ಕೂ ಮಿಗಿಲಾಗಿ ಬಿಳಿಯನ್ನೇ ಪಟ್ಟುಹಿಡಿದಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಇದೇ ಕಾರಣಕ್ಕೆ ಆಟಗಾರ್ತಿಯರ ಒಳಚಡ್ಡಿಗೆ ಗಾಢವಾದ ಬಣ್ಣವನ್ನು ಅನುಮತಿಸಿತು. ಕೇರಳದ ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಙರದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ 2018ರಿಂದ ಗಂಡುಹೆಣ್ಣುಗಳೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಮೊಣಕಾಲು ಮುಚ್ಚುವ ಚಡ್ಡಿ, ಅಂಗಿಗಳನ್ನು ಸಮವಸ್ತ್ರವಾಗಿಸಿದರು. ಉದ್ದೇಶ ಒಂದೇ: ಹುಡುಗಿ ನಿರಾತಂಕವಾಗಿ ಓಡಲಿ, ಹಾರಲಿ.

ಪೇಟೆಯಲ್ಲಿ ಏಕೆ ದೊರೆಯುವುದಿಲ್ಲ?

ಮೈಸೂರಿನ ಒಂದು ದೊಡ್ಡ ಬಟ್ಟೆಯಂಗಡಿಯಲ್ಲಿ ಈಚೆಗೆ ಕಂಡ ನೋಟವಿದು. ತಾಯಿ, ಆಕೆಯ ಪಕ್ಕದಲ್ಲಿ ಅವರ ಭುಜಕ್ಕೆ ಬಂದ ಮಗಳು.

“ಇವಳ ವಯಸ್ಸಿಗೆ ತಕ್ಕದ್ದು ತೋರಿಸಿಪ್ಪಾ” ಎಂದರು ತಾಯಿ.

ಅಂಗಡಿಯ ಹುಡುಗ ಮೊಲದ ಚಿತ್ರವಿದ್ದ, ನೆಟ್ ಬಟ್ಟೆಯ ಗುಲಾಬಿ ಫ್ರಾಕನ್ನು ಬಿಡಿಸಿ ಹಿಡಿದ.

“ನಾನೇನು ಯು.ಕೆ.ಜಿ. ಮಗುನಾ ಅಮ್ಮಾ?” ಎಂದು ಮಗಳ ಮುಖ ಬಾಡಿತು.

ಹುಡುಗ ಒಳಗೆ ಹೋಗಿ ಮತ್ತೊಂದು ಕಂತೆ ತಂದ. ಒಂದರಲ್ಲಿ ಭುಜದ ಬಟ್ಟೆಯಿಲ್ಲ, ಇನ್ನೊಂದರಲ್ಲಿ ಸೊಂಟದ ಬಟ್ಟೆಯಿಲ್ಲ.

“ಯಾಕಪ್ಪಾ, ಹೊಲಿಯೋವಾಗ ಬಟ್ಟೆ ಸಾಲದೆ ಬಂತೇನು?” ಎಂದು ತಾಯಿ ಕೇಳಿದರು.

“ಈಗ ಇದೇ ಓಡ್ತಿರೋದು ಮೇಡಂ!”

ಕೊನೆಗೆ ದೊಡ್ಡವರ ವಿಭಾಗದಿಂದ ಎರಡು ಅಳತೆ ದೊಡ್ಡದಾದ ಕುರ್ತವೊಂದನ್ನು ಕೊಂಡು ಹೊರಟರು. ಮಗಳು ಅದರತ್ತ ತಿರುಗಿಯೂ ನೋಡಲಿಲ್ಲ. ಅದು ಹಬ್ಬದ ದಿನ ಒಂದು ಗಂಟೆ ಮೈಮೇಲಿದ್ದು, ಆಮೇಲೆ ಬೀರುವಿನ ತಳ ಸೇರಿರಬೇಕು.

ಇಲ್ಲಿ ಅಂಗಡಿಯವನ ತಪ್ಪೇನೂ ಇಲ್ಲ. ಸಿದ್ಧ ಉಡುಪಿನ ಉದ್ಯಮ ಮಕ್ಕಳ ಬಟ್ಟೆಯನ್ನು ವಯಸ್ಸಿನ ಲೆಕ್ಕದಲ್ಲಿ ಕತ್ತರಿಸುತ್ತದೆ. ಚೀಟಿಯ ಮೇಲೆ ‘11-12 ವರ್ಷ’ ಎಂದು ಅಚ್ಚಾಗಿರುತ್ತದೆ. ಆದರೆ ಹುಡುಗಿಯರ ಬೆಳವಣಿಗೆ ಈ ವಯಸ್ಸಿನಲ್ಲಿಯೇ ಅತ್ಯಂತ ರಭಸವಾದದ್ದು. ಒಂದು ವರ್ಷದಲ್ಲಿ 8 ಸೆಂಟಿಮೀಟರಿನಷ್ಟು ಎತ್ತರವಾಗುವುದುಂಟು. ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಅವರು ಈ ಘಟ್ಟವನ್ನು ಮುಟ್ಟುತ್ತಾರೆ. ಒಂದೇ ತರಗತಿಯ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮಗುವಿನಂತೆ, ಇನ್ನೊಬ್ಬಳು ತರುಣಿಯಂತೆ ಕಾಣಬಹುದು. ವಯಸ್ಸಿನ ಚೀಟಿ ಇಬ್ಬರಿಗೂ ಸುಳ್ಳು ಹೇಳುತ್ತದೆ. ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆಯ ಪಟ್ಟಿಯೇ ನಮ್ಮಲ್ಲಿರಲಿಲ್ಲ. ಇಂಗ್ಲೆಂಡು ಅಮೆರಿಕಗಳ ಪಟ್ಟಿಯನ್ನು ತಿದ್ದಿ ಬಳಸುತ್ತಿದ್ದರು. ಈ ಕೊರತೆಯನ್ನು ತುಂಬಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರ ಅಳತೆ ತೆಗೆಯುವ ಯೋಜನೆಯನ್ನು ಹಮ್ಮಿಕೊಂಡಿತು. ಅದರ ವ್ಯಾಪ್ತಿಯಾದರೂ 15 ವರ್ಷ ಮೇಲ್ಪಟ್ಟವರದು. ನಮ್ಮ ನಡುವಯಸ್ಸಿನ ಬಾಲೆ ಇಲ್ಲಿಯೂ ಹೊರಗೇ ಉಳಿದಳು!

ವಿನ್ಯಾಸಕ್ಕೂ ಇದೇ ಗತಿ. ತಯಾರಕರು ಮಗುವಿನ ಫ್ರಾಕನ್ನು ಹಿಗ್ಗಿಸುತ್ತಾರೆ, ಇಲ್ಲವೆ ಸಿನಿಮಾ ತಾರೆಯ ಉಡುಪನ್ನು ಕುಗ್ಗಿಸುತ್ತಾರೆ. ಫೋನಿನಲ್ಲಿಯೇ ಬಟ್ಟೆ ತರಿಸುವ ಈ ಕಾಲದಲ್ಲಿ ತೊಂದರೆ ಇನ್ನೂ ಹೆಚ್ಚು. ಪರದೆಯ ಮೇಲೆ ನಗುತ್ತ ನಿಂತ ರೂಪದರ್ಶಿ ಎಂದೂ ಬಗ್ಗುವುದಿಲ್ಲ, ಬಸ್ಸು ಹತ್ತುವುದಿಲ್ಲ.

ಆರಿಸುವ ಬಗೆ

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅಂಗಡಿಯ ಕೋಣೆಯಲ್ಲಿಯೇ ಐದು ನಿಮಿಷದ ಪರೀಕ್ಷೆ. ಹುಡುಗಿ ಬಟ್ಟೆ ತೊಟ್ಟು ಎರಡು ಕೈಗಳನ್ನೂ ಮೇಲೆತ್ತಲಿ. ಚಪ್ಪಲಿಯ ಪಟ್ಟಿ ಕಟ್ಟುವಂತೆ ಬಗ್ಗಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿ. ನಾಲ್ಕು ಹೆಜ್ಜೆ ಬಿರುಸಾಗಿ ನಡೆಯಲಿ. ಈ ನಾಲ್ಕರಲ್ಲಿ ಎಲ್ಲಿಯೂ ಅವಳ ಕೈ ಬಟ್ಟೆಯನ್ನು ಸರಿಪಡಿಸಲು ಹೋಗದಿದ್ದರೆ ಉಡುಪು ತೇರ್ಗಡೆಯಾಯಿತು. ಬಟ್ಟೆಯ ಒಳಗೆ ಅಂಗೈಯನ್ನಿಟ್ಟು ಬೆಳಕಿಗೆ ಹಿಡಿದು ನೋಡಿ. ಬೆರಳುಗಳು ಎಣಿಸುವಷ್ಟು ಕಂಡರೆ ಒಳಗೆ ಅಸ್ತರು ಬೇಕು.

ಎರಡನೆಯದು ಬಟ್ಟೆಯ ಗುಣ. ಹತ್ತಿಯ ನೂಲು ಸಾಧಾರಣ ಹವೆಯಲ್ಲಿ ತನ್ನ ತೂಕದ ನೂರಕ್ಕೆ 8ರಷ್ಟು ತೇವವನ್ನು ಹೀರಿಕೊಳ್ಳಬಲ್ಲದು. ಪಾಲಿಯೆಸ್ಟರ್ ನೂಲು ಅರ್ಧದಷ್ಟನ್ನೂ ಹೀರದು, ಅಂದರೆ ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮುಂದೆ ‘ಟೆರಿಲಿನ್’ ಎಂಬ ಹೆಸರಿನಿಂದ ನಮ್ಮ ತಂದೆತಾತಂದಿರನ್ನು ಮರುಳುಗೊಳಿಸಿದ ಆ ನೂಲಿಗೆ ಇಸ್ತ್ರಿಯ ಹಂಗಿಲ್ಲ, ಬಾಳಿಕೆಯೂ ಹೆಚ್ಚು, ನಿಜ. ಆದರೆ ಬೆವರು ಹೀರದ ಬಟ್ಟೆ ಮೈಗೆ ಅಂಟುತ್ತದೆ. ಅಂಟಿದ ಬಟ್ಟೆ ಎಷ್ಟು ಉದ್ದವಿದ್ದರೂ ಹುಡುಗಿಗೆ ಮುಜುಗರ ತಪ್ಪದು. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಹತ್ತಿಕೊಳ್ಳುವುದೂ ಉಂಟು. ದೀಪಾವಳಿಯ ಪಟಾಕಿಯ ಹತ್ತಿರ ನೆಟ್, ಜಾರ್ಜೆಟ್‌ಗಳು ಬೇಡವೇ ಬೇಡ, ಹತ್ತಿಯೂ ಜೋಲಾಡದಂತಿರಲಿ.

ಮೂರನೆಯದು ಸುರಕ್ಷತೆ. ಕುತ್ತಿಗೆಯ ಬಳಿ ಕಟ್ಟುವ ಉದ್ದನೆಯ ದಾರಗಳು ಜಾರುಬಂಡೆಗೆ, ಬಸ್ಸಿನ ಬಾಗಿಲಿಗೆ ಸಿಕ್ಕಿ ಮಕ್ಕಳ ಪ್ರಾಣಕ್ಕೇ ಎರವಾದ ಕಾರಣ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 1996ರಲ್ಲಿಯೇ ಅವುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಅಪಾಯ ದುಪಟ್ಟಾದ್ದು. ಸ್ಕೂಟರಿನ ಹಿಂದೆ ಕುಳಿತವಳ ದುಪಟ್ಟಾ ಚಕ್ರಕ್ಕೆ ಸಿಲುಕಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷೆಯಿರಬೇಕೆಂದು ವಿಧಿಸುತ್ತದೆ. ಅಂದಕ್ಕೆ ಕಡಿಮೆಯೆಂದು ಅದನ್ನು ಬಿಚ್ಚಿಸುವ ತಂದೆ ಅಣ್ಣಂದಿರು ಮಗಳ ಉಡುಪಿನ ಬಗ್ಗೆ ಉಪದೇಶ ಮಾಡುವ ಮೊದಲು ಗ್ಯಾರೇಜಿಗೆ ಹೋಗಿ ಬರುವುದು ಒಳಿತು.

ನಾಲ್ಕನೆಯದು ದರ್ಜಿಯ ಸ್ನೇಹ. ಸಿದ್ಧ ಉಡುಪಿನ ಭರಾಟೆಯಲ್ಲಿಯೂ ಬಡಾವಣೆಗೊಬ್ಬರಾದರೂ ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಉಳಿದಿದ್ದಾರೆ. ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಪಕ್ಕದ ಹೊಲಿಗೆಯೊಳಗೆ ಒಂದಂಗುಲ ಬಟ್ಟೆಯನ್ನು ಬಿಡಿಸಿ. ಕೆಳಗಂಚಿನಲ್ಲಿ ಎರಡಂಗುಲ ಮಡಿಸಿರಲಿ. ಕಂಕುಳಿನ ಕೆಳಗೆ ಚಿಕ್ಕದೊಂದು ಚೌಕ ತುಂಡನ್ನು ಕೂಡಿಸಿದರೆ ಕೈಯೆತ್ತಿದಾಗ ಅಂಗಿ ಮೇಲೇಳದು. ಭುಜದಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುವ ಕಟ್ ಬೆಳೆಯುವ ಮೈಗೆ ಎಲ್ಲಕ್ಕಿಂತ ಅನುಕೂಲ. ಅದು ಬಿಗಿಯೂ ಅಲ್ಲ, ಜೋಳಿಗೆಯೂ ಅಲ್ಲ. ಮತ್ತು ಒಂದು ಜೇಬು, ದಯವಿಟ್ಟು ಒಂದು ಜೇಬು! ಅಣ್ಣನ ಷರಾಯಿಗೆ ನಾಲ್ಕು ಜೇಬುಗಳಿದ್ದು, ತಂಗಿಯ ಉಡುಪಿಗೆ ಒಂದೂ ಇಲ್ಲದಿರುವುದು ಯಾವ ನ್ಯಾಯ? ಬಸ್ಸಿನ ಹಣ, ಮನೆಯ ಬೀಗದ ಕೈ, ಒಂದು ಕರವಸ್ತ್ರ ತನ್ನಲ್ಲೇ ಇದ್ದರೆ ಹುಡುಗಿಯ ನಡಿಗೆಯೇ ಬೇರೆಯಾಗುತ್ತದೆ.

ಸೊಗಸಿಗೆ ಬರ ಎಲ್ಲಿದೆ?

ಸಭ್ಯವಾದುದೆಲ್ಲ ಸಪ್ಪೆಯೆಂಬ ಮಾತನ್ನು ನಮ್ಮ ನಾಡಿನ ಮಗ್ಗಗಳೇ ಸುಳ್ಳುಮಾಡುತ್ತವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನು ನೋಡಿ. ನೇಯ್ಗೆಯಲ್ಲಿಯೇ ಮೂಡುವ ಸಣ್ಣ ಸಣ್ಣ ಬುಟ್ಟಾಗಳು, ಎರಡು ಬದಿಗೆ ಅಂಚು, ನೋಡುವ ಕೋನ ಬದಲಾದಂತೆ ಮಿನುಗುವ ಬಣ್ಣ. ಉತ್ತರ ಕರ್ನಾಟಕದ ಮುತ್ತೈದೆಯರ ಕುಪ್ಪಸಕ್ಕೆಂದು ಹುಟ್ಟಿದ ಈ ಬಟ್ಟೆ ಇಂದು ಹುಡುಗಿಯರ ಫ್ರಾಕು, ಉದ್ದ ಲಂಗ, ತೋಳಿಲ್ಲದ ಜಾಕೀಟುಗಳಾಗಿ ಹೊಸ ಜನ್ಮ ತಾಳುತ್ತಿದೆ. ಅದರ ಅಗಲ ಕಿರಿದಾದ್ದರಿಂದ ಇಡೀ ಉಡುಪನ್ನು ಅದರಲ್ಲಿಯೇ ಹೊಲಿಸಬೇಕಾಗಿಲ್ಲ. ಸಾದಾ ಹತ್ತಿಯ ಕುರ್ತಕ್ಕೆ ಖಣದ ಯೋಕು, ತೋಳಿಗೆ ಖಣದ ಪಟ್ಟಿ ಇಟ್ಟರೆ ಸಾಕು, ಮಗಳ ಗೆಳತಿಯರು “ಎಲ್ಲಿ ತಗೊಂಡೆ?” ಎಂದು ಕೇಳದೆ ಬಿಡಲಾರರು. ಇಳಕಲ್ಲಿನ ಚೌಕಳಿ ಬಟ್ಟೆ, ಉಡುಪಿಯ ತೆಳುವಾದ ಹತ್ತಿ, ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಗ್ರಾಮದ ಹೆಣ್ಣುಮಕ್ಕಳನ್ನು ಕೂಡಿಸಿ ಕಟ್ಟಿದ ‘ಚರಕ’ದ ಸಹಜ ಬಣ್ಣದ ಕೈಮಗ್ಗದ ಬಟ್ಟೆ, ಇವೆಲ್ಲ ಫ್ಯಾಷನ್ನಿಗೆ ಹಿಂದೆಬಿದ್ದವಲ್ಲ.

ಅಜ್ಜಿಯ ಹಳೆಯ ಮೈಸೂರು ರೇಷ್ಮೆ ಸೀರೆಯೂ ಒಂದು ಗಣಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಆರಂಭವಾದ ಮೈಸೂರಿನ ಕಾರ್ಖಾನೆಯ ಆ ರೇಷ್ಮೆ ಮಡಿಕೆಯಲ್ಲಿ ಸೀಳಿದ್ದರೂ ಉಳಿದ ಭಾಗ ಗಟ್ಟಿಯಾಗಿರುತ್ತದೆ. ಒಂದು ಸೀರೆಯಿಂದ ಮೊಮ್ಮಗಳಿಗೆ ಉದ್ದನೆಯ ಲಂಗ ಧಾರಾಳವಾಗಿ ಆಗುತ್ತದೆ. ಹಬ್ಬಕ್ಕೆಂದು ಸಾವಿರಾರು ರೂಪಾಯಿ ತೆತ್ತು, ಒಂದೇ ದಿನ ತೊಟ್ಟು, ಮರುವರ್ಷ ಚಿಕ್ಕದಾಗುವ ಜರಿಯ ಉಡುಪಿಗಿಂತ ಇದು ಲಾಭ. ಲಂಗಕ್ಕೆ ಎರಡು ಮಡಿಕೆ ಹಿಡಿಸಿದರೆ ಮೂರು ಹಬ್ಬಗಳಿಗೆ ಬಂದೀತು. ಅದರ ಮೇಲಿನ ಕುಪ್ಪಸದ ಬದಲು ತುಸು ಉದ್ದನೆಯ ಹತ್ತಿಯ ಅಂಗಿ ತೊಟ್ಟರೆ ಇಂದಿನ ರೀತಿಗೂ ಒಪ್ಪುತ್ತದೆ.

ಮನೆಯೊಳಗಿನ ಮಾತು

ಕೊನೆಯದಾಗಿ, ಬಟ್ಟೆಗಿಂತ ಹೆಚ್ಚು ಜಾಗರೂಕತೆಯಿಂದ ಆರಿಸಬೇಕಾದದ್ದು ಮಾತನ್ನು. ‘ಇದನ್ನು ಹಾಕಿಕೊಂಡರೆ ನೋಡಿದವರು ಏನೆಂದಾರು?’ ಎಂಬುದು ನಮ್ಮ ಬಾಯಿಗೆ ಮೊದಲು ಬರುವ ವಾಕ್ಯ. ಹುಡುಗಿಯ ಕಿವಿಗೆ ಅದು ಬಟ್ಟೆಯ ಮಾತಾಗಿ ಕೇಳಿಸುವುದಿಲ್ಲ. ನಿನ್ನೆಯವರೆಗೆ ತನ್ನದಾಗಿದ್ದ ಮೈ ಇಂದು ನೋಡುವವರ ಸ್ವತ್ತಾಯಿತು, ಅದರಿಂದ ತಪ್ಪೇನಾದರೂ ನಡೆದರೆ ಹೊಣೆ ತನ್ನದು ಎಂದು ಅವಳು ತಿಳಿಯುತ್ತಾಳೆ. ಎದೆಗವಚಿದ ಪುಸ್ತಕಗಳ ಮೂಲ ಇಂಥ ವಾಕ್ಯಗಳಲ್ಲಿದೆ. ಬೀದಿಯಲ್ಲಿ ಕೆಟ್ಟದಾಗಿ ನೋಡುವವನ ತಪ್ಪು ಅವನದೇ. ಅದನ್ನು ಮಗಳ ತೋಳಿನ ಉದ್ದಕ್ಕೆ ಗಂಟುಹಾಕಬಾರದು. ಅದರ ಬದಲು, ‘ಇದನ್ನು ತೊಟ್ಟು ನೀನು ನೆಮ್ಮದಿಯಾಗಿ ಇಡೀ ದಿನ ಕಳೆಯಬಲ್ಲೆಯಾ?’ ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಹನ್ನೆರಡರ ಹುಡುಗಿ ಬಹಳ ಪ್ರಾಮಾಣಿಕವಾಗಿ ಉತ್ತರಿಸುತ್ತಾಳೆ. ತಾನೇ ಹಟ ಹಿಡಿದ ಬಟ್ಟೆಯನ್ನು ತಾನೇ ಬದಿಗಿಡುವುದೂ ಉಂಟು.

ಅಧಿಕಾರವನ್ನು ಹಂಚಿಕೊಳ್ಳುವುದೂ ಒಂದು ಉಪಾಯ. ಬಟ್ಟೆಯ ಗುಣ, ಹೊಲಿಗೆ, ಬೆಲೆಯ ಮಿತಿ, ಇವು ತಾಯಿಯ ಪಾಲು. ಬಣ್ಣ, ಚಿತ್ರ, ಕೊರಳಿನ ವಿನ್ಯಾಸ ಮಗಳ ಪಾಲು. ತಾಯಿಗೆ ಕಣ್ಣು ಕುಕ್ಕುವ ಹಳದಿ ಮಗಳಿಗೆ ಪ್ರಿಯವಾದರೆ ಹಳದಿಯೇ ಇರಲಿ. ಬಣ್ಣದಿಂದ ಯಾರ ಮಾನವೂ ಹೋದುದಿಲ್ಲ. ಎಲ್ಲದರಲ್ಲಿಯೂ ‘ಬೇಡ’ ಎನ್ನುವ ತಾಯಿಯ ಒಂದು ನಿಜವಾದ ‘ಬೇಡ’ಕ್ಕೆ ಬೆಲೆ ಉಳಿಯುವುದಿಲ್ಲ. ಇನ್ನು ತಂದೆಯಂದಿರು ದೂರದಿಂದ ಗದರಿಸುವುದನ್ನು ಬಿಟ್ಟು, ಒಮ್ಮೆ ಅಂಗಡಿಗೆ ಜೊತೆಯಲ್ಲಿ ಹೋಗಿ, ಸಾಲಿನಲ್ಲಿ ನಿಂತು, ಐದಾರು ಉಡುಪುಗಳ ಚೀಟಿಗಳನ್ನು ತಿರುಗಿಸಿ ನೋಡಲಿ. ಪೇಟೆಯಲ್ಲಿ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದು ತಿಳಿದ ಮೇಲೆ ಹೆಂಡತಿ ಮಕ್ಕಳ ಮೇಲಿನ ಕೋಪ ಬಹುಮಟ್ಟಿಗೆ ಇಳಿಯುತ್ತದೆ.

ಬರುವ ಹಬ್ಬಕ್ಕೆ ಬಟ್ಟೆ ಕೊಳ್ಳಲು ಹೊರಡುವ ಮುನ್ನ ಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಬೀರುವನ್ನು ತೆರೆದು, ಮಗಳು ಮತ್ತೆ ಮತ್ತೆ ತಾನಾಗಿಯೇ ಎತ್ತಿಕೊಳ್ಳುವ ಉಡುಪು ಯಾವುದೆಂದು ನೋಡಿ. ಬಹುಶಃ ಬಣ್ಣ ಮಾಸಿರುತ್ತದೆ, ಅಂಚು ಹರಿದಿರುತ್ತದೆ. ಅದನ್ನು ಹಾಗೆಯೇ ಮಡಿಸಿ ಚೀಲದಲ್ಲಿಟ್ಟುಕೊಂಡು ದರ್ಜಿಯ ಬಳಿಗೆ ಹೋಗಿ, ಒಂದಂಗುಲ ಉದ್ದ ಹೆಚ್ಚಿಸಿ, ಮಗಳು ಮೆಚ್ಚಿದ ಬಟ್ಟೆಯಲ್ಲಿ ಅದೇ ಅಳತೆಗೆ ಇನ್ನೊಂದನ್ನು ಹೊಲಿಸಿ. ಜೇಬಿನ ಮಾತನ್ನು ಮರೆಯದಿರಿ.